ದಂಡಿನ ನೀರು, ದಂಡಿನ ಜ್ವರ: ಬೆಂಗಳೂರಿನಲ್ಲಿ ರೊನಾಲ್ಡ್ ರಾಸ್

ಬೆಂಗಳೂರಿನ ದಂಡುಪ್ರದೇಶದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಸೈನ್ಯದಿಂದ ಆರಂಭಿಸಿ ಸೈನ್ಯದಿಂದಲೇ ಮುಗಿಸುವುದುಂಟು. ಪರೇಡು ಮೈದಾನ, ಬ್ಯಾರಕ್ಕುಗಳು, ರೆಸಿಡೆನ್ಸಿ, ಚರ್ಚುಗಳು ಇವೇ ಅಂತಹ ಬರೆಹಗಳ ಮುಖ್ಯ ವಸ್ತುಗಳಾಗಿವೆ. ಆದರೆ ಈ ಪ್ರದೇಶದ ಹುಟ್ಟಿಗೆ ಕಾರಣವಾದದ್ದು ಯುದ್ಧಕ್ಕಿಂತ ಹೆಚ್ಚಾಗಿ ಜ್ವರ ಎಂಬ ಸಂಗತಿಯನ್ನು ನಾವು ಮರೆಯುವಂತಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಅಲ್ಲಿ ನೆಲೆಸಿದ ಆಂಗ್ಲ ಸೈನ್ಯವು ದ್ವೀಪದ ಚಳಿಜ್ವರವನ್ನು ತಾಳಲಾರದೆ ಹೋಯಿತು. ಆದುದರಿಂದ 1809ರಲ್ಲಿ ಪಡೆಯನ್ನು ಎತ್ತರದ, ತಂಪಾದ ಬೆಂಗಳೂರಿಗೆ ತಂದು ಹಲಸೂರಿನ ಬಳಿಯಲ್ಲಿ ನಿಲ್ಲಿಸಲಾಯಿತು. ಹೀಗೆ ಜ್ವರಕ್ಕೆ ಅಂಜಿ ಕಟ್ಟಿದ ಊರಿಗೆ, ಮುಕ್ಕಾಲು ಶತಮಾನದ ಮೇಲೆ, ಆ ಜ್ವರದ ಗುಟ್ಟನ್ನು ಒಡೆಯಲಿದ್ದ ಮನುಷ್ಯನು ಕೆಲಸಕ್ಕೆಂದು ಬಂದನು.

ರೊನಾಲ್ಡ್ ರಾಸನ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಸಿಕಂದರಾಬಾದಿನೊಂದಿಗೂ ಕಲ್ಕತ್ತೆಯೊಂದಿಗೂ ಜೋಡಿಸಿ ಓದುತ್ತಾರೆ. ಬೆಂಗಳೂರಿನ ವಾಸವನ್ನು ಅವನ ಸಂಶೋಧನೆಗೆ ಬಂದೊದಗಿದ ಅಡ್ಡಿಯೆಂದು ಬಗೆಯುವುದೇ ರೂಢಿಯಾಗಿದೆ. ರಾಸನಿಗೂ ಹಾಗೆಯೇ ತೋರಿತ್ತು. ಸೊಳ್ಳೆಗಳ ಅಧ್ಯಯನವನ್ನು ಬಿಡಿಸಿ ತನ್ನನ್ನು ಚರಂಡಿಗಳ ಕೆಲಸಕ್ಕೆ ಹಚ್ಚಿದರೆಂಬ ಅಸಮಾಧಾನ ಅವನಲ್ಲಿತ್ತು. ಈ ಅಭಿಪ್ರಾಯವನ್ನು ಒಪ್ಪಲು ನನಗೆ ಸಾಧ್ಯವಾಗಿಲ್ಲ. ಜೀವಶಾಸ್ತ್ರ, ವೈದ್ಯ, ಪೌರಾಡಳಿತ, ಕಾನೂನು ಇವು ನಾಲ್ಕೂ ಒಂದೇ ಪ್ರಶ್ನೆಯ ನಾಲ್ಕು ಮುಖಗಳೆಂಬುದನ್ನು ರಾಸನು ಕಲಿತದ್ದು ದಂಡಿನ ಚರಂಡಿಗಳಲ್ಲಿಯೇ ಎಂಬುದು ಈ ಲೇಖನದ ವಾದವಾಗಿದೆ.

ಮೊದಲು ನೆಲದ ವಿಚಾರ. ಬೆಂಗಳೂರು ಒಂದು ದಿಣ್ಣೆಯ ಮೇಲೆ ಕುಳಿತ ಊರು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆಯು ವೃಷಭಾವತಿಯನ್ನು ಸೇರಿ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ದಂಡುಪ್ರದೇಶದ ಬಹುಭಾಗವು ಪೂರ್ವದ ಇಳಿಜಾರಿನಲ್ಲಿದೆ. ಈಗ ಶಿವಾಜಿನಗರವೆನಿಸಿರುವ ಬ್ಲಾಕ್‌ಪಲ್ಲಿಯ ಕಡೆಯಿಂದ ಹರಿದ ನೀರು ಹಲಸೂರು ಕೆರೆಗೆ ಇಳಿಯುತ್ತಿದ್ದಿತು. ಆ ಕೆರೆಯ ಕೋಡಿಯ ನೀರು ಚಲ್ಲಘಟ್ಟದ ಕಣಿವೆಯಲ್ಲಿ ಹರಿದು ಬೆಳ್ಳಂದೂರು ಕೆರೆಗೂ, ಅಲ್ಲಿಂದ ವರ್ತೂರು ಕೆರೆಗೂ ಹೋಗುತ್ತಿದ್ದಿತು. ಕೆರೆಯಿಂದ ಕೆರೆಗೆ ನೀರನ್ನು ಇಳಿಸುವ ಈ ಏರ್ಪಾಡು ದಂಡಿಗಿಂತ ಹಳೆಯದು. ಏರಿ, ತೂಬು, ಕೋಡಿ, ಕಾಲುವೆಗಳೆಲ್ಲವೂ ಬೇಸಾಯಕ್ಕೆಂದು ಕಟ್ಟಿದಂತಹವು. ಬಜಾರಿನ ಕೊಳೆಯನ್ನು ಹೊರುವುದಕ್ಕೆಂದು ಕಟ್ಟಿದಂತಹವಲ್ಲ.

ಕಾನೂನಿನ ನಕ್ಷೆಯು ನೀರಿನ ನಕ್ಷೆಯನ್ನು ಅನುಸರಿಸಲಿಲ್ಲ. 1881ರಲ್ಲಿ ಮೈಸೂರು ರಾಜ್ಯವನ್ನು ಚಾಮರಾಜ ಒಡೆಯರಿಗೆ ಹಿಂದಿರುಗಿಸಿದಾಗ ದಂಡುಪ್ರದೇಶವನ್ನು ಮಾತ್ರ ಬ್ರಿಟಿಷರು ‘ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಿಂದ ತಮ್ಮ ಅಧಿಕಾರದಲ್ಲಿಯೇ ಉಳಿಸಿಕೊಂಡರು. ನೆಲ ಮಹಾರಾಜರದು, ಆಡಳಿತ ರೆಸಿಡೆಂಟನದು. ಬ್ರಿಟಿಷ್ ಇಂಡಿಯದ ಶಾಸನಗಳು ಇಲ್ಲಿಗೆ ತಾವಾಗಿ ಅನ್ವಯಿಸುತ್ತಿರಲಿಲ್ಲ. ಪ್ರಕಟಣೆಯ ಮೂಲಕ ಅವನ್ನು ವಿಸ್ತರಿಸಬೇಕಾಗಿದ್ದಿತು. ಪೇಟೆಗೆ ಒಂದು ಪುರಸಭೆ, ದಂಡಿಗೆ ಇನ್ನೊಂದು. ಹಲಸೂರು ಕೆರೆಯು ರೆಸಿಡೆಂಟನ ಅಧಿಕಾರದಲ್ಲಿದ್ದರೆ, ಅದರ ಕೋಡಿಯ ನೀರನ್ನು ಪಡೆಯುವ ಬೆಳ್ಳಂದೂರು ಮೈಸೂರು ಸರ್ಕಾರದ ಅಧಿಕಾರದಲ್ಲಿದ್ದಿತು. ಮೇಲಿನವನು ಕೊಳೆಯನ್ನು ಬಿಟ್ಟರೆ ಕೆಳಗಿನವನು ಯಾರನ್ನು ಕೇಳಬೇಕು? ಸರಹದ್ದನ್ನು ಎಳೆದವರು ಈ ಪ್ರಶ್ನೆಯನ್ನು ಆಲೋಚಿಸಿದಂತೆ ಕಾಣುವುದಿಲ್ಲ.

ರಾಸನು ಇಂಡಿಯನ್ ಮೆಡಿಕಲ್ ಸರ್ವಿಸನ್ನು ಸೇರಿದ್ದು 1881ರಲ್ಲಿ. 1883ರಲ್ಲಿ ಅವನು ಬೆಂಗಳೂರಿನ ಹಂಗಾಮಿ ಗ್ಯಾರಿಸನ್ ಸರ್ಜನನಾಗಿ ನೇಮಕಗೊಂಡನು. ಅವನಿಗೆ ದೊರೆತ ಬಂಗಲೆ ಚೆನ್ನಾಗಿದ್ದಿತಾದರೂ ಸೊಳ್ಳೆಗಳ ಕಾಟವು ವಿಪರೀತವಾಗಿದ್ದಿತು. ಕಾರಣವನ್ನು ಹುಡುಕುತ್ತ ಹೋದಾಗ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಯ ಮರಿಹುಳುಗಳು ಮಿಜಿಗುಟ್ಟುತ್ತಿದ್ದುದು ಕಂಡಿತು. ಪೀಪಾಯಿಯನ್ನು ಬೋರಲು ಹಾಕಿದ ಮೇಲೆ ಕಾಟವು ಬಹುಮಟ್ಟಿಗೆ ತಗ್ಗಿತು. ಅವನು ಇದನ್ನು ಅಲ್ಲಿನ ಅಧಿಕಾರಿಯೊಬ್ಬನಿಗೆ ತಿಳಿಸಿ, ಸೈನಿಕರ ಭೋಜನಶಾಲೆಯ ಸುತ್ತಲಿನ ನೀರಿನ ಪಾತ್ರೆಗಳನ್ನೂ ಬರಿದು ಮಾಡಿಸಬಹುದೆಂದು ಸೂಚಿಸಿದನು. ಅಧಿಕಾರಿಯು ಒಪ್ಪಲಿಲ್ಲ. ಸೊಳ್ಳೆಗಳು ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಯಾದವು, ಅವನ್ನು ಸಹಿಸಿಕೊಳ್ಳುವುದೇ ಧರ್ಮ ಎಂಬುದು ಅವನ ನಿಲುವಾಗಿದ್ದಿತೆಂದು ರಾಸನು 1923ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ ನೆನೆದುಕೊಂಡಿದ್ದಾನೆ. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆಯೆಂಬುದು ಆಗ ರಾಸನಿಗೂ ತಿಳಿದಿರಲಿಲ್ಲ. ಆದರೆ ಒಂದು ಪ್ರಾಣಿಯ ಸಂಖ್ಯೆಯನ್ನು ಅದರ ನೆಲೆಯನ್ನು ಬದಲಿಸುವುದರಿಂದಲೇ ತಗ್ಗಿಸಬಹುದೆಂಬ ತಿಳಿವಳಿಕೆ ಅವನಿಗೆ ಇಲ್ಲಿ ಬಂದಿತು. ಇಂದು ಪರಿಸರ ವಿಜ್ಞಾನವೆನ್ನುವ ಶಾಸ್ತ್ರದ ಮಾತು ಇದು. ತಿಳಿವಳಿಕೆಯೊಂದೇ ಸಾಲದು, ಪೀಪಾಯಿಯನ್ನು ಬೋರಲು ಹಾಕಿಸುವ ಅಧಿಕಾರವೂ ಬೇಕು ಎಂಬ ಎರಡನೆಯ ಪಾಠವೂ ಅದರೊಡನೆಯೇ ದೊರೆಯಿತು.

ಆ ಕಾಲದ ವೈದ್ಯಶಾಸ್ತ್ರವು ಎಂತಹ ಸಂದಿಗ್ಧದಲ್ಲಿದ್ದಿತೆಂಬುದನ್ನು ಇಲ್ಲಿ ಹೇಳಬೇಕಾಗಿದೆ. ಕಾಲರಾ ನೀರಿನಿಂದ ಹರಡುತ್ತದೆಂದು ಲಂಡನ್ನಿನ ಜಾನ್ ಸ್ನೋ 1854ರಲ್ಲಿಯೇ ತೋರಿಸಿಕೊಟ್ಟಿದ್ದನು. ರಾಬರ್ಟ್ ಕಾಖನು 1884ರಲ್ಲಿ ಕಲ್ಕತ್ತೆಗೆ ಬಂದು, ಜನರು ಬಳಸುತ್ತಿದ್ದ ಕೊಳವೊಂದರ ನೀರಿನಲ್ಲಿ ಕಾಲರಾದ ಜೀವಾಣುವನ್ನು ಕಂಡನು. ಆದರೂ ಇಂಡಿಯ ಸರ್ಕಾರದ ಸ್ಯಾನಿಟರಿ ಕಮೀಷನರಾಗಿದ್ದ ಜೆ. ಎಂ. ಕನ್ನಿಂಗ್‌ಹ್ಯಾಮನು ನೀರಿನ ಸಿದ್ಧಾಂತವನ್ನು ಕೊನೆಯವರೆಗೂ ಒಪ್ಪಲಿಲ್ಲ. ನೀರೇ ಕಾರಣವೆಂದು ಒಪ್ಪಿದರೆ ಊರೂರಿಗೂ ಶುದ್ಧವಾದ ನೀರನ್ನು ಒದಗಿಸುವ ಹೊಣೆ ಸರ್ಕಾರದ ಮೇಲೆ ಬೀಳುತ್ತಿದ್ದಿತು ಎಂಬುದನ್ನು ಇತಿಹಾಸಕಾರನು ಗಮನಿಸದೆ ಇರಲಾಗದು.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋಗಿದ್ದ ರಾಸನು ಪ್ಯಾಟ್ರಿಕ್ ಮ್ಯಾನ್ಸನನನ್ನು ಕಂಡು, ಮಲೇರಿಯಾವನ್ನು ಸೊಳ್ಳೆಯು ಹೊರುತ್ತದೆಂಬ ಊಹೆಯನ್ನು ಅವನಿಂದ ಕೇಳಿದನು. 1895ರಲ್ಲಿ ಸಿಕಂದರಾಬಾದಿಗೆ ಮರಳಿ ಪ್ರಯೋಗಗಳನ್ನು ಆರಂಭಿಸಿದನೋ ಇಲ್ಲವೋ, ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಹೋಗಬೇಕೆಂಬ ಆಜ್ಞೆಯು ಬಂದಿತು. ದಂಡಿನಲ್ಲಿ ಕಾಲರಾ ಕಾಣಿಸಿಕೊಂಡಿದ್ದಿತು. ಬೆಂಗಳೂರಿನ ನೀರಿನ ಚರಿತ್ರೆಯಲ್ಲಿ ಅದು ಸಂಧಿಕಾಲ. ದಂಡಿಗೆ ನೀರೊದಗಿಸಲೆಂದು 1882ರಲ್ಲಿ ಸ್ಯಾಂಕಿ ಕೆರೆಯನ್ನು ಕಟ್ಟಿದ್ದರೂ ಬಡವರ ಕೇರಿಗಳಲ್ಲಿ ಬಾವಿಗಳೇ ಗತಿಯಾಗಿದ್ದುವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಕೈಗೊಂಡ ಹೆಸರಘಟ್ಟದ ಯೋಜನೆಯ ನೀರು 1896ರಲ್ಲಿ ಕೊಳವೆಗಳ ಮೂಲಕ ಊರಿಗೆ ಬಂದಿತು. ಬಾವಿಯ ಯುಗವು ಮುಗಿಯುತ್ತ ಕೊಳಾಯಿಯ ಯುಗವು ಆರಂಭವಾಗುತ್ತಿದ್ದ ಗಳಿಗೆಯಲ್ಲಿ ರಾಸನು ದಂಡಿನ ಬೀದಿಗಳನ್ನು ಸುತ್ತಿದನು.

ಈ ಕೆಲಸದ ಫಲವಾಗಿ ಅವನು ಒಂದು ವರದಿಯನ್ನು ಬರೆದನು. ಕಾಲರಾ, ಸಾಮಾನ್ಯ ನೈರ್ಮಲ್ಯ, ನೈರ್ಮಲ್ಯ ಇಲಾಖೆ ಮತ್ತು ಅದರ ನಿಬಂಧನೆಗಳು ಎಂಬಿಷ್ಟನ್ನೂ ಅದರ ತಲೆಬರೆಹವೇ ಒಳಗೊಂಡಿದೆ. ಈ ತಲೆಬರೆಹವನ್ನು ವಿದ್ಯಾರ್ಥಿಗಳು ಸಾವಧಾನವಾಗಿ ನೋಡಬೇಕು. ಒಂದು ರೋಗದಿಂದ ಹೊರಟ ವೈದ್ಯನು ಊರಿನ ಕೊಳೆಗೆ ಬಂದು, ಕೊಳೆಯಿಂದ ಅದನ್ನು ತೆಗೆಯಬೇಕಾದ ಇಲಾಖೆಗೆ ಬಂದು, ಇಲಾಖೆಯಿಂದ ಅದರ ಕೈಗಳನ್ನು ಬಿಚ್ಚುವ ಅಥವಾ ಕಟ್ಟುವ ಕಾನೂನಿಗೆ ಬಂದು ನಿಂತಿದ್ದಾನೆ. ಇಂದಿನ ವಿಶ್ವವಿದ್ಯಾಲಯದಲ್ಲಿ ಇಂತಹ ವರದಿಯನ್ನು ಯಾವ ವಿಭಾಗವು ತನ್ನದೆಂದು ಒಪ್ಪಿಕೊಂಡೀತು ಎಂಬ ಸಂಶಯ ನನಗೆ ಆಗಾಗ ಬರುತ್ತದೆ. ದಫ್ತರಖಾನೆಗಳ ಸ್ಥಿತಿಯೂ ಹಾಗೆಯೇ. ರೆಸಿಡೆನ್ಸಿಯ ಕಾಗದಗಳನ್ನು ಓದಬೇಕಾದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೂ, ಮೈಸೂರು ಸರ್ಕಾರದ ಕಡತಗಳಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೂ ಹೋಗಬೇಕು. ಒಂದೇ ಕಣಿವೆಯ ನೀರಿನ ಕಥೆಯು ಎರಡು ಊರುಗಳ ಕಪಾಟುಗಳಲ್ಲಿ ಹಂಚಿಹೋಗಿದೆ.

ಚರಂಡಿಯ ಕೆಲಸದ ನಡುವೆಯೂ ರಾಸನು ಮಲೇರಿಯಾವನ್ನು ಬಿಟ್ಟಿರಲಿಲ್ಲ. ಸೊಳ್ಳೆಯು ನೀರಿನಲ್ಲಿ ಸತ್ತು, ಆ ನೀರನ್ನು ಕುಡಿದವರಿಗೆ ರೋಗವು ಅಂಟುತ್ತದೆಂಬುದು ಮ್ಯಾನ್ಸನನ ಊಹೆಯಾಗಿದ್ದಿತು. ರಾಸನಿಗೆ ಬೆಂಗಳೂರಿನಲ್ಲಿ ಬೇರೊಂದು ಶಂಕೆ ಬಲವಾಯಿತು: ರೋಗವು ಕಡಿತದಿಂದಲೇ ಏಕೆ ದಾಟಬಾರದು? ಇದನ್ನು ಪರೀಕ್ಷಿಸಲು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಅಸಿಸ್ಟೆಂಟ್ ಸರ್ಜನರೊಬ್ಬರು ತಾವಾಗಿ ಮುಂದೆ ಬಂದರು. ರಾಸನ ಬರೆಹಗಳಲ್ಲಿ ಅವರ ಹೆಸರು ‘ಆಪಿಯ’ ಎಂದಿದೆ. ನಮ್ಮ ಕಿವಿಗೆ ಅದು ಅಪ್ಪಯ್ಯ ಎಂದೇ ಕೇಳುತ್ತದೆ. ಮಲೇರಿಯಾ ರೋಗಿಗಳ ರಕ್ತವನ್ನು ಹೀರಿದ ಸೊಳ್ಳೆಗಳಿಗೆ ಅವರು ತಮ್ಮ ಮೈಯನ್ನೊಡ್ಡಿದರು. ಅವರಿಗೆ ಜ್ವರವು ಬರಲಿಲ್ಲ. ಪ್ರಯೋಗವು ಸೋತದ್ದಕ್ಕೆ ಕಾರಣವು ಈಗ ಸ್ಪಷ್ಟವಾಗಿದೆ: ಬಳಸಿದ ಸೊಳ್ಳೆಗಳು ಮಲೇರಿಯಾವನ್ನು ಹೊರುವ ಅನಾಫಿಲಿಸ್ ಜಾತಿಯವಾಗಿರಲಿಲ್ಲ. ಸರಿಯಾದ ಸೊಳ್ಳೆಯು ದೊರೆತದ್ದು ಸಿಕಂದರಾಬಾದಿನಲ್ಲಿ, 1897ರ ಆಗಸ್ಟಿನಲ್ಲಿ. ಆ ತಿಂಗಳ 20ರಂದು ರಾಸನು ಅದರ ಹೊಟ್ಟೆಯ ಗೋಡೆಯಲ್ಲಿ ಪರೋಪಜೀವಿಯನ್ನು ಕಂಡನು. 1902ರಲ್ಲಿ ಅವನಿಗೆ ನೊಬೆಲ್ ಬಹುಮಾನವು ಬಂದಿತು. ಗೆದ್ದ ಪ್ರಯೋಗದ ಸ್ಮಾರಕಗಳು ಹಲವಿವೆ. ಸೋತ ಪ್ರಯೋಗಕ್ಕೆ ಮೈಯನ್ನು ಕೊಟ್ಟ ಅಪ್ಪಯ್ಯನವರ ಧೈರ್ಯವು ಕಡಮೆಯದೆಂದು ನಾನು ಎಣಿಸಲಾರೆ. ತಮ್ಮ ಸೊಳ್ಳೆಯು ನಿರಪಾಯವಾದುದೆಂದು ಅವರಿಗೆ ತಿಳಿದಿರಲಿಲ್ಲ.

ಅದೇ 1902ರಲ್ಲಿ ರಾಸನು ಸೊಳ್ಳೆದಳಗಳನ್ನು ಸಂಘಟಿಸುವ ಬಗೆಯನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು. ಊರೂರಿಗೂ ಕೂಲಿಯಾಳುಗಳ ಪಡೆಯೊಂದು ಇರಬೇಕು. ಅವರು ಮನೆಮನೆಗೆ ಹೋಗಿ ನಿಂತ ನೀರನ್ನು ಚೆಲ್ಲಬೇಕು, ಗುಂಡಿಗಳನ್ನು ಮುಚ್ಚಬೇಕು. ಇದಕ್ಕೆ ಪೌರಾಡಳಿತದ ಬೆಂಬಲವಿರಬೇಕು ಎಂಬುದು ಅದರ ತಿರುಳು. ಬಂಗಲೆಯ ಕಿಟಕಿಯ ಪೀಪಾಯಿಯೂ, ದಂಡಿನ ನೈರ್ಮಲ್ಯ ಇಲಾಖೆಯೂ ಈ ಪುಸ್ತಕದಲ್ಲಿ ಒಂದನ್ನೊಂದು ಸಂಧಿಸಿವೆ. ಕೇವಲ ಸೂಕ್ಷ್ಮದರ್ಶಕದ ಮುಂದೆ ಕುಳಿತವನು ಬರೆಯಬಹುದಾದ ಪುಸ್ತಕ ಅದಲ್ಲ.

ರಾಸನು ಹೋದ ಮೇಲೆ, 1898ರ ಆಗಸ್ಟಿನಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಿತು. ಆ ಜೂನಿನಲ್ಲಿಯೇ ಕರಾಚಿಯಲ್ಲಿ ಪಾಲ್ ಲೂಯಿ ಸೀಮೋ ಎಂಬ ಫ್ರೆಂಚ್ ವೈದ್ಯನು ಇಲಿಯ ಚಿಗಟವೇ ಪ್ಲೇಗನ್ನು ದಾಟಿಸುತ್ತದೆಂದು ಕಂಡುಕೊಂಡಿದ್ದನು. ಅದನ್ನು ವಿದ್ವಾಂಸರು ನಂಬಲು ಹಲವು ವರ್ಷಗಳೇ ಹಿಡಿದುವು. ಆದುದರಿಂದ ಇಲ್ಲಿನ ಅಧಿಕಾರಿಗಳು ಗಾಳಿ, ಬೆಳಕು, ಇಕ್ಕಟ್ಟುಗಳ ಮೇಲೆ ಯುದ್ಧವನ್ನು ಸಾರಿದರು. ಇಕ್ಕಟ್ಟಾದ ಕೇರಿಗಳಿಂದ ಜನರನ್ನು ಹೊರಗೆ ಸಾಗಿಸಲೆಂದು ಕಟ್ಟಿದ ಬಡಾವಣೆಗಳಲ್ಲಿ, ರೆಸಿಡೆಂಟ್ ಸ್ಟುಅರ್ಟ್ ಫ್ರೇಸರನ ಹೆಸರನ್ನು ಹೊತ್ತ ಫ್ರೇಸರ್ ಟೌನ್, ಅಂದರೆ ಇಂದಿನ ಪುಲಕೇಶಿನಗರ, ಮುಖ್ಯವಾದುದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರೂಪುಗೊಂಡ ಈ ಬಡಾವಣೆಯ ಅಗಲವಾದ ಬೀದಿಗಳು ಒಂದು ಸಿದ್ಧಾಂತವನ್ನು ನೆಲದ ಮೇಲೆ ಬರೆದಂತಿವೆ.

ಪೇಟೆಯ ಕಡೆ ಮೈಸೂರು ಸರ್ಕಾರದ ಪ್ಲೇಗು ಶಿಬಿರದಲ್ಲಿ ದುಡಿದವರಲ್ಲಿ ಡಾ. ಪಿ. ಪಲ್ಪು ಅವರನ್ನು ಇಲ್ಲಿ ನೆನೆಯಬೇಕು. ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತ ಇವರಿಗೆ, ಈಳವ ಜಾತಿಯವರೆಂಬ ಕಾರಣಕ್ಕೆ ಹುಟ್ಟೂರಿನ ತಿರುವಾಂಕೂರು ಸರ್ಕಾರವು ಕೆಲಸವನ್ನು ಕೊಡಲಿಲ್ಲ. ಮೈಸೂರು ಕೊಟ್ಟಿತು. ಶಿಬಿರದ ಹೆಣಗಳ ನಡುವೆ ಕೆಲಸ ಮಾಡಿದ ಅವರು ಮುಂದೆ 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗದ ಸ್ಥಾಪಕರಲ್ಲಿ ಒಬ್ಬರಾದರು. ವಿದ್ಯೆ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯೂ ಸಾರ್ವಜನಿಕ ಆರೋಗ್ಯದ ಚರಿತ್ರೆಯ ಒಳಗಿನದೇ ಆಗಿದೆ.

1947ರ ಜುಲೈಯಲ್ಲಿ ದಂಡುಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಕಣಿವೆಯು ಒಂದೇ ಸರ್ಕಾರದ ಕೈಗೆ ಬಂದಿತಾದರೂ ನೀರಿನ ಪಾಡು ಸುಧಾರಿಸಲಿಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುವು. ಬೆಳ್ಳಂದೂರು ಕೆರೆಯು 2015ರಲ್ಲಿಯೂ 2017ರಲ್ಲಿಯೂ ಹೊತ್ತಿ ಉರಿಯಿತು. ಕೆರೆಗೆ ಬೆಂಕಿ ಬೀಳುವುದೆಂದರೆ ನಮ್ಮ ಹಿರಿಯರು ಗಾದೆಗೂ ಹೇಳದ ಮಾತು! ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು 2016ರ ಮೇ ತಿಂಗಳಲ್ಲಿ ಕೆರೆಗಳ ಸುತ್ತ 75 ಮೀಟರುಗಳ ರಕ್ಷಣಾವಲಯವನ್ನು ವಿಧಿಸಿತು. ಮಂಡಲಿಗೆ ಹಾಗೆ ವಿಧಿಸುವ ಅಧಿಕಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚಿನಲ್ಲಿ ಅದನ್ನು ತಳ್ಳಿಹಾಕಿತು. ವಾದದ ತಿರುಳು ಕೆರೆಗೆ ಎಷ್ಟು ಅಂಚು ಬೇಕೆಂಬುದಕ್ಕಿಂತ, ಅದನ್ನು ಗೊತ್ತುಮಾಡುವ ಅಧಿಕಾರವು ಯಾರದೆಂಬುದಾಗಿದ್ದಿತು. 1881ರ ಸರಹದ್ದಿನ ಪ್ರಶ್ನೆಯನ್ನು ಓದಿದವರಿಗೆ ಇದು ಹೊಸದಾಗಿ ತೋರುವುದಿಲ್ಲ.

ಈ ಕಣಿವೆಯ ಕೊಳೆನೀರನ್ನು ಸಂಸ್ಕರಿಸಿ 2018ರಿಂದ ಕೋಲಾರ ಜಿಲ್ಲೆಯ ಒಣಗಿದ ಕೆರೆಗಳಿಗೆ ಹಾಯಿಸಲಾಗುತ್ತಿದೆ. ಅದನ್ನು ಪಡೆಯುವ ರೈತರ ಬಾವಿಗಳಿಗೆ ಆ ನೀರು ಎಷ್ಟು ಸುರಕ್ಷಿತವೆಂಬ ಪ್ರಶ್ನೆಯು ಅದೇ ವರ್ಷ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಬಂದಿತು.