ಕನ್ನಡ ಲೋಗೊ: ಕಿರು ಗಣಕಭಾಷೆಯೊಂದರ ಆದೇಶಭಂಡಾರ

ಗಣಕಭಾಷೆಯೊಂದರ ವ್ಯಾಕರಣ ಎಷ್ಟೇ ಚಿಕ್ಕದಾಗಿದ್ದರೂ ಅದರ ಉಪಯುಕ್ತತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರೊಡನೆ ಬರುವ ಸಿದ್ಧ ಆದೇಶಗಳ ಭಂಡಾರ. ಗಣಕತಜ್ಞರು ಇದನ್ನು ಸ್ಟ್ಯಾಂಡರ್ಡ್ ಲೈಬ್ರರಿ ಎನ್ನುತ್ತಾರೆ. ಇಂತಹ ಭಂಡಾರವನ್ನು ಕನ್ನಡಕ್ಕೆ ಒಗ್ಗಿಸುವುದೆಂದರೇನು ಎಂಬುದನ್ನು ವಿವೇಚಿಸಲು ಲೋಗೊ ಭಾಷೆ ಉತ್ತಮ ನಿದರ್ಶನ.

ಮಕ್ಕಳ ಕಲಿಕೆಗೆಂದು 1967ರಲ್ಲಿ ಅಮೆರಿಕದಲ್ಲಿ ವಾಲಿ ಫ್ಯೂರ್ಜೈಗ್, ಸೆಮೋರ್ ಪ್ಯಾಪರ್ಟ್ ಹಾಗೂ ಸಿಂಥಿಯಾ ಸಾಲಮನ್ ರೂಪಿಸಿದ ಲೋಗೊ, ಲಿಸ್ಪ್ ಭಾಷೆಯ ಸಂತತಿಗೆ ಸೇರಿದ್ದು. ಪರದೆಯ ಮೇಲೆ ಆಮೆಯನ್ನು ನಡೆಸಿ ಚಿತ್ರ ಬರೆಯಿಸುವುದು ಅದರ ಪ್ರಸಿದ್ಧ ಅಂಗ. ಕಲಿಯುವವರು ತಾವೇ ಹೆಸರಿಟ್ಟು ರಚಿಸಿದ ಆದೇಶವನ್ನು ಮೂಲ ಆದೇಶದಂತೆಯೇ ಬಳಸಬಹುದೆಂಬುದು ಅದರ ವೈಶಿಷ್ಟ್ಯ. ತೆಂಗಿನ ಸೀಮೆಯಾದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯ ವಿದ್ಯಾರ್ಥಿಯೊಬ್ಬಳು ‘ಗರಿ’ ಎಂಬ ಆದೇಶವನ್ನು ಬರೆದು, ಅದನ್ನೇ ಮರಳಿ ಮರಳಿ ಬಳಸಿ ‘ತೆಂಗು’ ಎಂಬ ಇನ್ನೊಂದನ್ನು ಕಟ್ಟಬಹುದು. ಬರ್ಕ್ಲಿಯ ಬ್ರಯಾನ್ ಹಾರ್ವೆ ಅವರು ಬೆಳೆಸಿದ ಲೋಗೊದಲ್ಲಿ ಭಂಡಾರದ ಅನೇಕ ಆದೇಶಗಳು ಲೋಗೊದಲ್ಲಿಯೇ ರಚಿತವಾಗಿವೆ. ಹೀಗೆ ಇಲ್ಲಿ ಬಳಕೆಯೇ ವಿಸ್ತರಣೆಯ ಮಾರ್ಗವಾಗುತ್ತದೆ.

1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ ಯು. ಬಿ. ಪವನಜ ಅವರು ಈ ಶತಮಾನದ ಮೊದಲ ದಶಕದಲ್ಲಿ ಲೋಗೊವನ್ನು ಕನ್ನಡಕ್ಕೆ ತಂದರು. ಇಂಗ್ಲಿಷ್ ಕಾಗುಣಿತದ ಅಡ್ಡಿಯಿಲ್ಲದೆ ರೇಖಾಗಣಿತವನ್ನೂ ತರ್ಕವನ್ನೂ ಕಲಿಯುವ ದಾರಿಯನ್ನು ಇದು ತೋರಿಸಿತು. ಆದರೆ ಆದೇಶಗಳ ಹೆಸರನ್ನು ಅನುವಾದಿಸಿದ ಮಾತ್ರಕ್ಕೆ ಭಂಡಾರವು ಕನ್ನಡದ್ದಾಗುವುದಿಲ್ಲ.

ಈ ಮಾತಿಗೆ ಊರಿನ ಹೆಸರೇ ಸಾಕ್ಷಿ. ಯೂನಿಕೋಡ್ ಶಿಷ್ಟತೆಯಲ್ಲಿ 1991ರಿಂದಲೂ ಕನ್ನಡಕ್ಕೆ ಸ್ಥಾನವಿದೆ. ಅದರಂತೆ ವ್ಯಂಜನ, ಸ್ವರಚಿಹ್ನೆ ಮತ್ತು ಅನುಸ್ವಾರಗಳಿಗೆ ಬೇರೆ ಬೇರೆ ಸಂಕೇತಗಳಿರುವುದರಿಂದ ‘ಕಂದಿಕೆರೆ’ಯಲ್ಲಿ 8 ಸಂಕೇತಗಳಿವೆ. ಓದುಗರಿಗೆ ಕಾಣುವುದು 4 ಅಕ್ಷರ. ಛಂದಸ್ಸಿನ ಲೆಕ್ಕದಲ್ಲಿ 5 ಮಾತ್ರೆ. ಬರಿಯ ಸಂಕೇತಗಳನ್ನು ಎಣಿಸುವ ಆದೇಶವು 8 ಎಂದೇ ಉತ್ತರಿಸುತ್ತದೆ. ಪದವನ್ನು ತಿರುವುಮುರುವಾಗಿಸಿದರೆ ಸ್ವರಚಿಹ್ನೆಗಳು ತಮ್ಮ ವ್ಯಂಜನವನ್ನು ಬಿಟ್ಟು ಬೇರೆ ವ್ಯಂಜನವನ್ನು ಸೇರುತ್ತವೆ. ಆದುದರಿಂದ ಅಕ್ಷರಗಳನ್ನು ವಿಂಗಡಿಸುವ, ಅಕಾರಾದಿಯಾಗಿ ಜೋಡಿಸುವ, ಮಾತ್ರೆ ಎಣಿಸುವ ಆದೇಶಗಳು ಸೇರಿದಾಗಲೇ ವಿಸ್ತರಣೆ ಸಾರ್ಥಕ.

ಒಮ್ಮೆ ಭಂಡಾರದಲ್ಲಿ ನೆಲೆಗೊಂಡ ಹೆಸರನ್ನು ಬದಲಿಸುವುದು ಸುಲಭವಲ್ಲ; ಅದನ್ನು ಅವಲಂಬಿಸಿದ ಕ್ರಮವಿಧಿಗಳೆಲ್ಲ ನಿಂತುಹೋಗುತ್ತವೆ. ಪರಿಭಾಷೆಯನ್ನು ತಂತ್ರಜ್ಞರೊಬ್ಬರಿಗೇ ಬಿಡದೆ ವೈಯಾಕರಣರೂ ಶಿಕ್ಷಕರೂ ಆರಂಭದಲ್ಲಿಯೇ ಪಾಲುಗೊಳ್ಳಬೇಕಾದುದು ಇದಕ್ಕಾಗಿಯೇ. ಕನ್ನಡದಲ್ಲಿ ರಚಿತವಾದ ಕ್ರಮವಿಧಿಗಳೂ ಕನ್ನಡ ಬರಹಗಳೇ. ಶಾಸನ, ಹಸ್ತಪ್ರತಿಗಳಂತೆ ಅವುಗಳನ್ನೂ ಗ್ರಂಥಾಲಯಗಳು ಸಂರಕ್ಷಿಸಿದರೆ ಮಾತ್ರ ಈ ಶಬ್ದಸಂಪತ್ತು ಮುಂದಿನವರ ಕೈಸೇರುತ್ತದೆ.