ಬೆವರಿಗೆ ಇಟ್ಟ ಅಡ್ಡಹೆಸರು

‘ಕುಡುಮಿ’ ಎಂಬ ಪದ ನನ್ನ ಶಿಷ್ಯರಾರಿಗೂ ಹೊಸದಲ್ಲ. ಸದಾ ಓದುತ್ತ ಕೂರುವವನನ್ನು ಹಿಂದಿನ ಬೆಂಚಿನವರು ಹಾಗೆ ಕರೆಯುತ್ತಿದ್ದರು. ಕರೆಸಿಕೊಂಡವನು ಪುಸ್ತಕ ಮುಚ್ಚಿಟ್ಟು, ತಾನೇನೂ ಓದಿಲ್ಲವೆಂದು ಆಣೆಯಿಡುತ್ತಿದ್ದ. ಇಂಗ್ಲೆಂಡಿನ ಶಾಲೆಗಳಲ್ಲಿ ಇಂತಹವನಿಗೆ ‘ಸ್ವಾಟ್’ ಎಂದು ಹೆಸರು. ಬೆವರು ಎಂಬರ್ಥದ ‘ಸ್ವೆಟ್’ ಪದದ ಪ್ರಾದೇಶಿಕ ಉಚ್ಚಾರಣೆಯಿಂದ ಹುಟ್ಟಿದ ಮಾತು ಅದು. ಬೆವರುವುದೇ ಅಪರಾಧವೆಂಬಂತೆ!

ನಮ್ಮ ದೇಶದ ಆಡಳಿತದ ಚರಿತ್ರೆಯಲ್ಲಿಯೂ ಇಂತಹ ಪದವೊಂದುಂಟು: ‘ಕಾಂಪಿಟಿಷನ್ ವಾಲಾ’. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಸಿವಿಲ್ ಹುದ್ದೆಗೆ ಲಂಡನ್ನಿನ ನಿರ್ದೇಶಕರೊಬ್ಬರ ಕೃಪೆ ಬೇಕಿತ್ತು. ಅವರು ಹೆಸರಿಸಿದ ಹುಡುಗರು ಹೇಲಿಬರಿ ಕಾಲೇಜಿನಲ್ಲಿ ಕಲಿತು ಹಡಗು ಹತ್ತುತ್ತಿದ್ದರು. 1853ರ ಚಾರ್ಟರ್ ಕಾಯಿದೆ ಈ ಪದ್ಧತಿಯನ್ನು ಕೊನೆಗಾಣಿಸಿತು. 1855ರಲ್ಲಿ ಮೊದಲ ಸ್ಪರ್ಧಾ ಪರೀಕ್ಷೆ ನಡೆಯಿತು. ಪರೀಕ್ಷೆ ಗೆದ್ದು ಬಂದವರನ್ನು ಕಂಡು ಹಳಬರು ಮೂಗು ಮುರಿದರು. ಕುದುರೆ ಸವಾರಿ ಬಾರದವರು, ಉರು ಹೊಡೆದ ಪುಸ್ತಕದ ಹುಳುಗಳು ಎಂಬುದು ಅವರ ದೂರು. ಟಾಂಗಾವಾಲಾ ಎಂದಂತೆ ಕಾಂಪಿಟಿಷನ್ ವಾಲಾ! ಜಾರ್ಜ್ ಒಟ್ಟೊ ಟ್ರೆವೆಲ್ಯನ್ ಅವರು 1864ರಲ್ಲಿ ಈ ಹೆಸರನ್ನೇ ತಮ್ಮ ಪುಸ್ತಕಕ್ಕೆ ಇಟ್ಟರು. ಶಿಫಾರಸಿನಿಂದ ಬಂದವನಿಗೆ ಇಲ್ಲದ ಅಡ್ಡಹೆಸರು ಬೆವರು ಸುರಿಸಿ ಬಂದವನಿಗೆ ಅಂಟಿತು. (ಕುಡುಮಿಯನ್ನು ಅಣಕಿಸುತ್ತಿದ್ದವನ ಮನೆಯಲ್ಲಿಯೂ ಹೆಚ್ಚಾಗಿ ತೋಟವೋ ಅಂಗಡಿಯೋ ಇರುತ್ತಿತ್ತು ಎಂಬುದನ್ನು ಗಮನಿಸಿದ್ದೇನೆ.)

ಪರೀಕ್ಷೆ ಬಂದುದರಿಂದಲೇ ಭಾರತೀಯರಿಗೂ ಬಾಗಿಲು ತೆರೆಯಿತು. 1863ರಲ್ಲಿ ಆಯ್ಕೆಯಾದ ಮೊದಲಿಗರು ಸತ್ಯೇಂದ್ರನಾಥ ಟಾಗೋರರು, ರವೀಂದ್ರರ ಅಣ್ಣ. ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದವರು. ಆದರೆ ತೆರೆದ ಬಾಗಿಲು ಕಿರಿದಾಗುತ್ತ ಹೋಯಿತು. ಮೊದಲು 23 ಇದ್ದ ಗರಿಷ್ಠ ವಯಸ್ಸು 1866ರಲ್ಲಿ 21ಕ್ಕೆ, 1878ರಲ್ಲಿ 19ಕ್ಕೆ ಇಳಿಯಿತು. ಉರು ಹೊಡೆಸುವ ಪಾಠದ ಮನೆಗಳ ಹಾವಳಿ ತಪ್ಪಬೇಕೆಂಬ ವಾದವೂ ಇದರ ಹಿಂದಿತ್ತು. ಅಣಕದ ಮಾತು ಹೀಗೆ ನಿಯಮದೊಳಗೂ ನುಸುಳಿತು. ಕಲ್ಕತ್ತೆಯ ಹುಡುಗನೊಬ್ಬ ಪರಭಾಷೆಯಲ್ಲಿ ಓದಿ, ಸಾಲ ಮಾಡಿ ಕಡಲು ದಾಟಿ, ಹತ್ತೊಂಬತ್ತು ಮೀರುವುದರೊಳಗೆ ಲಂಡನ್ನಿನಲ್ಲಿ ಪರೀಕ್ಷೆ ಬರೆಯಬೇಕು! ಅವನು ಹಗಲಿರುಳು ಓದದೆ ಮತ್ತೇನು ಮಾಡಿಯಾನು? ಸುರೇಂದ್ರನಾಥ ಬ್ಯಾನರ್ಜಿಯವರು 1877ರಲ್ಲಿ ಇದರ ವಿರುದ್ಧ ಉತ್ತರ ಭಾರತದ ಊರುಗಳನ್ನು ಸುತ್ತಿ ಸಭೆಗಳನ್ನು ನಡೆಸಿದರು. ಮಿತಿ ಮತ್ತೆ 23ಕ್ಕೆ ಏರಿದ್ದು 1892ರಲ್ಲಿ. ಕಡಲು ದಾಟದೆ ಪರೀಕ್ಷೆ ಬರೆಯಲು ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. 1922ರಲ್ಲಿ ಅದು ಅಲಹಾಬಾದಿನಲ್ಲಿ ನಡೆಯಿತು.