ಆನರ್ಸ್: ಮೂರು ಕಾಲಿನ ಸ್ಟೂಲಿನಿಂದ ಸೆಮಿನಾರಿನವರೆಗೆ

ಹೆಸರಿನ ಮುಂದೆ ‘ಬಿ.ಎ. (ಆನರ್ಸ್)’ ಎಂದು ಬರೆದುಕೊಳ್ಳುವುದು ಒಂದು ಕಾಲಕ್ಕೆ ನಮ್ಮಲ್ಲಿ ದೊಡ್ಡ ಗೌರವದ ಸಂಗತಿಯಾಗಿತ್ತು. ಮನೆಯ ಮುಂದಿನ ಹಲಗೆಯಲ್ಲಿ, ಲಗ್ನಪತ್ರಿಕೆಯಲ್ಲಿ ಕಂಸದೊಳಗೆ ಠೀವಿಯಿಂದ ಕುಳಿತಿರುತ್ತಿದ್ದ ಆ ಪದ ಆಮೇಲೆ ಮೆಲ್ಲಗೆ ಮರೆಯಾಯಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆಗೆ, ನಾಲ್ಕು ವರ್ಷದ ಪದವಿಯ ರೂಪದಲ್ಲಿ ಅದು ಕರ್ನಾಟಕಕ್ಕೆ ಮರಳಿ ಬಂತು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೇ ಹಿಂದಿರುಗಿತು. ಈ ಹೋಗಿಬರುವ ಗದ್ದಲದಲ್ಲಿ ಹೆಚ್ಚು ಚರ್ಚೆಯಾದದ್ದು ಮೂರೋ ನಾಲ್ಕೋ ಎಂಬ ವರ್ಷಗಳ ಲೆಕ್ಕವೇ. ಆನರ್ಸ್ ವಿದ್ಯಾರ್ಥಿ ಉಳಿದವರಿಗಿಂತ ಬೇರೆಯಾಗಿ ಏನನ್ನು ಓದಬೇಕು, ಹೇಗೆ ಓದಬೇಕು ಎಂಬುದು ಅದಕ್ಕಿಂತ ಹಳೆಯ ಪ್ರಶ್ನೆ.

ಈ ಪದದ ತವರು ಇಂಗ್ಲೆಂಡು. ಹದಿನೆಂಟನೆಯ ಶತಮಾನದ ಆಕ್ಸ್‌ಫರ್ಡಿನಲ್ಲಿ ಪದವಿ ಪರೀಕ್ಷೆ ಎಂಬುದು ಬರೀ ಶಾಸ್ತ್ರಕ್ಕೆ ನಡೆಯುತ್ತಿತ್ತು. ಮುಂದೆ ಲಾರ್ಡ್ ಎಲ್ಡನ್ ಎಂದು ಹೆಸರಾಗಿ ಆ ದೇಶದ ಲಾರ್ಡ್ ಚಾನ್ಸಲರ್ ಹುದ್ದೆಗೇರಿದ ಜಾನ್ ಸ್ಕಾಟ್, 1770ರಲ್ಲಿ ತಾನು ಪದವಿ ಪಡೆದ ಬಗೆಯನ್ನು ನಗುತ್ತ ಹೇಳುತ್ತಿದ್ದನಂತೆ: ಹೀಬ್ರೂ ಭಾಷೆಯಲ್ಲೊಂದು ಪ್ರಶ್ನೆ, ಇತಿಹಾಸದಲ್ಲೊಂದು ಪ್ರಶ್ನೆ, ಎರಡಕ್ಕೂ ಒಂದೊಂದು ಪದದ ಉತ್ತರ, ಪದವಿ ಕೈಗೆ ಬಂತು. ಈ ನಾಚಿಕೆಗೇಡನ್ನು ತಪ್ಪಿಸಲು 1800ರಲ್ಲಿ ಆಕ್ಸ್‌ಫರ್ಡ್ ಹೊಸ ಪರೀಕ್ಷಾ ನಿಯಮ ತಂದಿತು. ಸಾಧಾರಣ ಪದವಿ ಸಾಕೆನ್ನುವವರಿಗೆ ಒಂದು ಪರೀಕ್ಷೆ, ಗೌರವ ಬಯಸುವವರಿಗೆ ಇನ್ನೂ ಕಠಿಣವಾದದ್ದು. ಕೆಲವೇ ವರ್ಷಗಳಲ್ಲಿ ಪ್ರಾಚೀನ ಸಾಹಿತ್ಯಕ್ಕೊಂದು, ಗಣಿತಕ್ಕೊಂದು ಎಂದು ಎರಡು ಶಾಖೆಗಳಾದವು. 1808ರಲ್ಲಿ ಎರಡರಲ್ಲೂ ಪ್ರಥಮ ದರ್ಜೆ ಗಳಿಸಿದ ಮೊದಲಿಗ ರಾಬರ್ಟ್ ಪೀಲ್, ಮುಂದೆ ಬ್ರಿಟನ್ನಿನ ಪ್ರಧಾನಿಯಾದವನು. ಅವನ ಮೌಖಿಕ ಪರೀಕ್ಷೆಯನ್ನು ನೋಡಲು ಜನ ಕಿಕ್ಕಿರಿದಿದ್ದರಂತೆ.

ಕೇಂಬ್ರಿಜ್ ಈ ವಿಷಯದಲ್ಲಿ ಆಕ್ಸ್‌ಫರ್ಡಿಗಿಂತ ಹಿರಿಯಣ್ಣ. ಅಲ್ಲಿ ಗಣಿತದ ಆನರ್ಸ್ ಪರೀಕ್ಷೆಗೆ ‘ಟ್ರೈಪಾಸ್’ ಎಂದು ಹೆಸರು. ಹಿಂದೆ ವಾದ ಮಾಡಲು ಕೂರುತ್ತಿದ್ದವನ ಮೂರು ಕಾಲಿನ ಸ್ಟೂಲಿನಿಂದ ಆ ಹೆಸರು ಬಂತು ಎನ್ನುತ್ತಾರೆ. ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದವರು ‘ರ್‍ಯಾಂಗ್ಲರ್’, ಎಂದರೆ ವಾದಿಸುವವರು. ಧಾರವಾಡದ ಕಡೆಯ ಓದುಗರಿಗೆ ಈ ಪದ ಹೊಸದಲ್ಲ. ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದ ಕುಲಪತಿ ಡಿ.ಸಿ. ಪಾವಟೆಯವರು ಕೇಂಬ್ರಿಜ್ಜಿನ ರ್‍ಯಾಂಗ್ಲರ್. ಮೊದಲ ಸ್ಥಾನ ಪಡೆದವನು ‘ಸೀನಿಯರ್ ರ್‍ಯಾಂಗ್ಲರ್’. 1899ರಲ್ಲಿ ಆ ಸ್ಥಾನವನ್ನು ಮತ್ತೊಬ್ಬನೊಡನೆ ಹಂಚಿಕೊಂಡವರು ರ.ಪು. ಪರಾಂಜಪೆ, ಆ ಗೌರವ ಪಡೆದ ಮೊದಲ ಭಾರತೀಯ.

ಆದರೆ ಗೌರವದ ಬೆನ್ನಿಗೇ ಪೈಪೋಟಿ ಬಂತು, ಪೈಪೋಟಿಯ ಬೆನ್ನಿಗೆ ಮನೆಪಾಠ. ಎಡ್ವರ್ಡ್ ರೌತ್ ಎಂಬ ಬೋಧಕನೊಬ್ಬನೇ ಇಪ್ಪತ್ತೈದಕ್ಕೂ ಹೆಚ್ಚು ಸೀನಿಯರ್ ರ್‍ಯಾಂಗ್ಲರುಗಳನ್ನು ತಯಾರು ಮಾಡಿದ. 1854ರಲ್ಲಿ ಅವನೇ ಮೊದಲ ಸ್ಥಾನ ಪಡೆದಾಗ ಎರಡನೆಯ ಸ್ಥಾನಕ್ಕೆ ತೃಪ್ತಿಪಟ್ಟವನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ವಿದ್ಯುತ್ಕಾಂತ ಸಿದ್ಧಾಂತ ಕೊಟ್ಟ ಎರಡನೆಯವನನ್ನು ಜಗತ್ತು ನೆನೆಯುತ್ತದೆ. ಮೊದಲಿಗನನ್ನು ಪರೀಕ್ಷೆಯ ಇತಿಹಾಸ ಬರೆಯುವವರು ನೆನೆಯುತ್ತಾರೆ. ಈ ಓಟದ ಪಂದ್ಯವನ್ನು ಕಂಡು ಬೇಸತ್ತವರಲ್ಲಿ ಗಣಿತಜ್ಞ ಜಿ.ಎಚ್. ಹಾರ್ಡಿಯೂ ಒಬ್ಬ. 1909ರ ಪಟ್ಟಿಯ ನಂತರ ಸ್ಥಾನಗಳನ್ನು ಕ್ರಮವಾಗಿ ಪ್ರಕಟಿಸುವ ಪದ್ಧತಿಯೇ ನಿಂತಿತು.

ಇದೇ ಹಾರ್ಡಿ 1914ರಲ್ಲಿ ಕೇಂಬ್ರಿಜ್ಜಿಗೆ ಕರೆಸಿಕೊಂಡದ್ದು ಶ್ರೀನಿವಾಸ ರಾಮಾನುಜನ್ ಅವರನ್ನು. ಗಣಿತವೊಂದನ್ನು ಬಿಟ್ಟು ಬೇರಾವುದಕ್ಕೂ ಮನಸ್ಸು ಕೊಡದ ಆ ತರುಣ ನಮ್ಮ ದೇಶದಲ್ಲಿ ಎಫ್.ಎ. ಪರೀಕ್ಷೆಯನ್ನೇ ದಾಟಲಾಗಿರಲಿಲ್ಲ. ಎಲ್ಲ ವಿಷಯಗಳಲ್ಲೂ ತೇರ್ಗಡೆಯಾಗಬೇಕೆಂಬ ನಿಯಮದ ಮುಂದೆ ಅವರ ಗಣಿತ ಲೆಕ್ಕಕ್ಕೆ ಬರಲಿಲ್ಲ. 1916ರಲ್ಲಿ ಕೇಂಬ್ರಿಜ್ ಅವರ ಸಂಶೋಧನೆಗೆ ಬಿ.ಎ. ಕೊಟ್ಟಿತು.

ಪಂದ್ಯದ ಚಟವನ್ನು ಬಿಟ್ಟು ಆನರ್ಸಿನ ತಿರುಳನ್ನಷ್ಟೇ ಹಿಡಿಯಲು ಹೊರಟ ಪ್ರಯತ್ನ ನಡೆದದ್ದು ಅಮೆರಿಕದಲ್ಲಿ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನಲ್ಲಿ ಓದಿ ಬಂದಿದ್ದ ಫ್ರಾಂಕ್ ಏಡಲಾಟ್, 1921ರಲ್ಲಿ ಫಿಲಡೆಲ್ಫಿಯಾ ಬಳಿಯ ಸ್ವಾರ್ತ್‌ಮೋರ್ ಎಂಬ ಪುಟ್ಟ ಕಾಲೇಜಿಗೆ ಅಧ್ಯಕ್ಷನಾದ. ಕ್ವೇಕರ್ ಪಂಥದವರು ಕಟ್ಟಿದ ಕಾಲೇಜು ಅದು. ಜಾಣನೂ ದಡ್ಡನೂ ಒಂದೇ ಹಾಜರಿ, ಒಂದೇ ಪಠ್ಯ, ಒಂದೇ ಕಿರುಪರೀಕ್ಷೆಯ ತಾಳಕ್ಕೆ ಹೆಜ್ಜೆ ಹಾಕುವ ಅಂದಿನ ಪದ್ಧತಿಯನ್ನು ಅವನು ಸಿಪಾಯಿಗಳ ಕವಾಯತಿಗೆ ಹೋಲಿಸಿದ. ಮರುವರ್ಷ, 1922ರಲ್ಲಿ, ಇಂಗ್ಲಿಷ್ ಸಾಹಿತ್ಯ ಮತ್ತು ಸಮಾಜ ವಿಜ್ಞಾನಗಳಲ್ಲಿ ಆನರ್ಸ್ ಆರಂಭವಾಯಿತು.

ಅದರ ಕ್ರಮ ಹೀಗೆ. ಮೊದಲ ಎರಡು ವರ್ಷ ಎಲ್ಲರಂತೆ ಓದು. ಕೊನೆಯ ಎರಡು ವರ್ಷ, ಇಚ್ಛೆಯೂ ಯೋಗ್ಯತೆಯೂ ಉಳ್ಳವರಿಗೆ ಸಾಮಾನ್ಯ ತರಗತಿಗಳಿಂದ ಬಿಡುಗಡೆ. ಒಂದು ಅವಧಿಗೆ ಎರಡೇ ವಿಷಯ, ವಿಷಯಕ್ಕೆ ವಾರಕ್ಕೊಂದು ಸೆಮಿನಾರ್. ಐದಾರು ಹುಡುಗ ಹುಡುಗಿಯರು, ಒಬ್ಬ ಅಧ್ಯಾಪಕ. ಎಷ್ಟೋ ಬಾರಿ ಅವನ ಮನೆಯ ಪಡಸಾಲೆಯೇ ತರಗತಿ. ವಿದ್ಯಾರ್ಥಿಗಳು ಮೊದಲೇ ಬರೆದು ತಂದ ಪ್ರಬಂಧದ ಮೇಲೆ ಹೊತ್ತು ಹೋದದ್ದು ತಿಳಿಯದಷ್ಟು ಚರ್ಚೆ. ನಡುವೆ ತಿಂಡಿ.

ಇದಕ್ಕಿಂತ ಮುಖ್ಯವಾದ ಏರ್ಪಾಡು ಪರೀಕ್ಷೆಯದು. ಪಾಠ ಮಾಡಿದವನು ಅಂಕ ಹಾಕುವಂತಿಲ್ಲ. ಕೊನೆಯಲ್ಲಿ ಬೇರೆ ವಿಶ್ವವಿದ್ಯಾಲಯಗಳ ವಿದ್ವಾಂಸರು ಬಂದು ಲಿಖಿತ ಪರೀಕ್ಷೆ ನೋಡಿ, ಮುಖಾಮುಖಿ ಪ್ರಶ್ನಿಸಿ, ಯಾರಿಗೆ ಯಾವ ದರ್ಜೆ ಎಂದು ತೀರ್ಮಾನಿಸುತ್ತಾರೆ. ಇದರಿಂದ ಗುರುಶಿಷ್ಯರ ಸಂಬಂಧವೇ ಬದಲಾಗುತ್ತದೆ. ಅಂಕದ ಕೋಲು ಕೈಯಲ್ಲಿಲ್ಲದ ಅಧ್ಯಾಪಕ, ಹೊರಗಿನವರನ್ನು ಎದುರಿಸಲು ವಿದ್ಯಾರ್ಥಿಯ ಪಕ್ಷದಲ್ಲೇ ನಿಲ್ಲುವ ಜೊತೆಗಾರನಾಗುತ್ತಾನೆ. ‘ಇದು ಪರೀಕ್ಷೆಗೆ ಬರುತ್ತದೆಯೇ ಸಾರ್?’ ಎಂದು ಕೇಳಿದರೆ ಅವನಿಗೂ ಗೊತ್ತಿರುವುದಿಲ್ಲ! ಒಳವಿವರಗಳು ಕಾಲಕಾಲಕ್ಕೆ ಬದಲಾದರೂ ಹೊರಗಿನ ಪರೀಕ್ಷಕರ ಪದ್ಧತಿ ಸ್ವಾರ್ತ್‌ಮೋರಿನಲ್ಲಿ ಈಗಲೂ ಇದೆ.

ಇದು ಜಾತಿಭೇದದಂಥ ಹೊಸ ಭೇದವಲ್ಲವೇ ಎಂಬ ಆಕ್ಷೇಪ ಅಲ್ಲೂ ಎದ್ದಿತು. ಪ್ರಜಾಪ್ರಭುತ್ವವೆಂದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸುವುದಲ್ಲ ಎಂಬ ಧಾಟಿಯಲ್ಲಿ ಏಡಲಾಟ್ ವಾದಿಸಿದ. ಆಕ್ಷೇಪ ಪೂರ್ತಿ ಸುಳ್ಳಲ್ಲ ಎಂದೇ ನನಗನ್ನಿಸುತ್ತದೆ. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದ ಮೇಲೆ ಪ್ರತಿಭಾವಂತರನ್ನು ಹುಡುಕುವ ಆತುರ ಹೆಚ್ಚಿ, ಅಲ್ಲಿನ ದೊಡ್ಡ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳೂ ಆನರ್ಸ್ ಕಾಲೇಜುಗಳನ್ನು ತೆರೆದವು. ಕೆಲವು ವಿಶೇಷ ಸೆಮಿನಾರುಗಳು, ಸಾಮಾನ್ಯ ಪಠ್ಯಕ್ಕೆ ಅಂಟಿಸಿದ ಒಂದು ಹೆಚ್ಚುವರಿ ಪ್ರಬಂಧ, ಕೊನೆಯ ವರ್ಷದ ಸಂಶೋಧನಾ ಬರಹ, ಇದು ಅಲ್ಲಿನ ಸಾಮಾನ್ಯ ಮಾದರಿ. ಪ್ರತ್ಯೇಕ ಹಾಸ್ಟೆಲು, ಬೇಕಾದ ತರಗತಿಗೆ ಮೊದಲೇ ಹೆಸರು ಬರೆಸುವ ಹಕ್ಕು ಇಂಥ ಸವಲತ್ತುಗಳು ಮೇಲೆ. ಕೆಲವೆಡೆ ಓದಿಗಿಂತ ಸವಲತ್ತಿನ ಜಾಹೀರಾತೇ ದೊಡ್ಡದು.

ನಮ್ಮ ದಕ್ಷಿಣದಲ್ಲಿ ಆನರ್ಸಿಗೆ ಒಳ್ಳೆಯ ಹೆಸರು ತಂದದ್ದು ಮದರಾಸು ವಿಶ್ವವಿದ್ಯಾಲಯ. ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರು, ಬಳ್ಳಾರಿಗಳ ಕನ್ನಡಿಗರಿಗೂ ಅದೇ ವಿಶ್ವವಿದ್ಯಾಲಯ. ಇಂಟರ್‌ಮೀಡಿಯೆಟ್ ಮುಗಿಸಿದ ಮೇಲೆ ಸಾಧಾರಣ ಪದವಿಗೆ ಎರಡು ವರ್ಷ, ಆನರ್ಸಿಗೆ ಮೂರು. 1927ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸಿಗೆ ಸೇರಿದ ಹುಡುಗನೊಬ್ಬ ಪಾಠ ಕೇಳಲು ಹೋಗುತ್ತಿದ್ದದ್ದು ಗಣಿತ ವಿಭಾಗಕ್ಕೆ. ಅದಕ್ಕೆ ಅಧ್ಯಾಪಕರ ಒಪ್ಪಿಗೆಯಿತ್ತು. 1928ರಲ್ಲಿ ಜರ್ಮನಿಯ ಸೊಮರ್‌ಫೆಲ್ಡ್ ಮದರಾಸಿಗೆ ಬಂದಾಗ ಹುಡುಗ ನೇರವಾಗಿ ಹೋಗಿ ಭೇಟಿಯಾದ. ತಾನು ಕಷ್ಟಪಟ್ಟು ಕಲಿತ ಪರಮಾಣು ಸಿದ್ಧಾಂತ ಹಳತಾಗಿದೆಯೆಂದು ತಿಳಿದು ಪೆಚ್ಚಾದ. ಆ ಹಿರಿಯರು ಕೈಗಿತ್ತ ಇನ್ನೂ ಅಚ್ಚಾಗದ ಲೇಖನದ ಕರಡನ್ನು ಹಿಡಿದು ಓದಲು ಕುಳಿತ. ಮರುವರ್ಷವೇ, ಇನ್ನೂ ಆನರ್ಸ್ ವಿದ್ಯಾರ್ಥಿಯಾಗಿದ್ದಾಗ, ಅವನ ಪ್ರಬಂಧ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅವರೇ ಎಸ್. ಚಂದ್ರಶೇಖರ್, 1983ರಲ್ಲಿ ನೊಬೆಲ್ ಪಡೆದವರು.

ವಿಶ್ವವಿದ್ಯಾಲಯ ಅನುದಾನ ಆಯೋಗ 2022ರ ಡಿಸೆಂಬರಿನಲ್ಲಿ ಹೊರಡಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷಕ್ಕೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸಿಗೆ 160. ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಂಕ ಪಡೆದವರು ನಾಲ್ಕನೆಯ ವರ್ಷ ಸಂಶೋಧನೆ ಆಯ್ದುಕೊಳ್ಳಬಹುದು. ಅವರ ಪ್ರಬಂಧವನ್ನು ವಾರವಾರವೂ ಓದಿ, ತಿದ್ದಿ, ವಾದಿಸಲು ಒಬ್ಬರು ಬೇಕು. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಎಷ್ಟೋ ವಿಭಾಗಗಳು ನಡೆಯುತ್ತಿರುವುದು ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ತಾವು ಅದೇ ಕಾಲೇಜಿನಲ್ಲಿ ಇರುತ್ತೇವೆಯೇ ಎಂಬುದು ಅವರಿಗೇ ಗೊತ್ತಿರುವುದಿಲ್ಲ.